ಕಾಯುವವರಿಲ್ಲದ ಮಂದೆ

ಬಯಲುಸೀಮೆಯ ಹೆದ್ದಾರಿಗಳಲ್ಲಿ ಸಂಚರಿಸಿದವರಿಗೆ ಕುರಿಯ ಮಂದೆ ಅಡ್ಡ ಬರುವುದು ಹೊಸ ಅನುಭವವಲ್ಲ. ಹೆಗಲ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದ ಕುರಿಗಾಹಿ ರಸ್ತೆಯ ನಡುವೆ ನಿಂತು ಕೈಯೆತ್ತುತ್ತಾನೆ, ಲಾರಿ ನಿಲ್ಲುತ್ತದೆ. ಅವನು ಬಾಯಿಂದ ಹೊರಡಿಸುವ ಒಂದು ಸದ್ದಿಗೆ ಮಂದೆಯೆಲ್ಲ ದಾಟಿಹೋಗುತ್ತದೆ. ಕುರಿಗೆ ರಸ್ತೆಯ ನಿಯಮ ತಿಳಿಯದು. ಕುರಿಗಾಹಿಯಾದರೋ ಕುರಿಯ ಸ್ವಭಾವವನ್ನೂ ಲಾರಿಯ ವೇಗವನ್ನೂ ಬಲ್ಲವನು. ಆದರೆ ಕಾಡಿನ ಮಂದೆಗೆ ಇಂಥ ಒಡೆಯನಿಲ್ಲ. ಅದು ರಸ್ತೆಗೆ ಬಂದಾಗ ಅದರ ಪರವಾಗಿ ಕೈಯೆತ್ತುವವರು ಯಾರು?

ಈ ಪ್ರಶ್ನೆ ನನ್ನಲ್ಲಿ ಮೂಡಿದ್ದು ತಮಿಳುನಾಡಿನ ಆನೈಮಲೈ ಬೆಟ್ಟಗಳಲ್ಲಿ. ಪೊಳ್ಳಾಚಿಯಿಂದ ಹೊರಟು, ಆಳಿಯಾರ್ ಅಣೆಕಟ್ಟನ್ನು ಹಿಂದೆ ಬಿಟ್ಟು ವಾಲ್ಪಾರೈಗೆ ಏರುವ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಆ ತಿರುವುಗಳ ತಡೆಗೋಡೆಯ ಮೇಲೆ, ಕಂದಕದ ಭಯವೇ ಇಲ್ಲದೆ ನಿಂತಿರುವ ಒಂದು ಪ್ರಾಣಿಯನ್ನು ಪ್ರಯಾಣಿಕರು ಕಾಣುತ್ತಾರೆ. ಅದೇ ನೀಲಗಿರಿ ಥಾರ್. ತಮಿಳರು ಇದನ್ನು ‘ವರೈಯಾಡು’ ಎನ್ನುತ್ತಾರೆ. ‘ವರೈ’ ಎಂದರೆ ಬೆಟ್ಟ. ‘ಆಡು’ ನಮ್ಮ ಕನ್ನಡದ ಆಡೇ. ಸೋಜಿಗವೆಂದರೆ, 2005ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು, ಹೆಸರಿನಲ್ಲಿ ಆಡಾಗಿರುವ ಈ ಪ್ರಾಣಿ ಮೇಕೆಗಿಂತ ಕುರಿಗೆ ಹತ್ತಿರದ ಬಂಧುವೆಂದು ತೋರಿಸಿತು. ತಮಿಳುನಾಡು ಮತ್ತು ಕೇರಳಗಳ ಪಶ್ಚಿಮಘಟ್ಟಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇದರ ಸಹಜ ನೆಲೆಯಿಲ್ಲ. 2025ರಲ್ಲಿ ಎರಡೂ ರಾಜ್ಯಗಳು ನಡೆಸಿದ ಗಣತಿಯಲ್ಲಿ ಇವುಗಳ ಸಂಖ್ಯೆ ಮೂರು ಸಾವಿರವನ್ನು ಮುಟ್ಟಲಿಲ್ಲ. ಹೆಣ್ಣು ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿಯನ್ನು ಹಾಕುತ್ತದೆ. ಹೀಗಿರುವಾಗ ಒಂದೊಂದು ಜೀವವೂ ಲೆಕ್ಕಕ್ಕೆ ಬರುತ್ತದೆ.

ಅಪಾಯ ಕಂಡೊಡನೆ ಕಡಿದಾದ ಬಂಡೆಗೆ ಓಡುವುದು ಈ ಪ್ರಾಣಿಯ ಹುಟ್ಟುಗುಣ. ಚಿರತೆಯಾಗಲಿ ಸೀಳುನಾಯಿಯಾಗಲಿ ಅಲ್ಲಿಗೆ ಸುಲಭವಾಗಿ ಹತ್ತಲಾರವು. ಆದರೆ ಘಟ್ಟದ ರಸ್ತೆ ಬಂಡೆಯನ್ನು ಕೊರೆದೇ ಸಾಗುತ್ತದೆ. ಮೇಯುವ ಹುಲ್ಲು ಒಂದು ಕಡೆ, ಆಶ್ರಯದ ಬಂಡೆ ಇನ್ನೊಂದು ಕಡೆ, ನಡುವೆ ವಾಹನಗಳ ಸಾಲು. ಬೆದರಿದ ಪ್ರಾಣಿ ಯಾವ ದಿಕ್ಕಿಗೆ ನೆಗೆಯುವುದೆಂದು ಹೇಳಲಾಗದು. ಅದನ್ನು ಉಳಿಸಲು ಚಾಲಕ ಒಮ್ಮೆಲೇ ಚಕ್ರ ತಿರುಗಿಸಿದರೆ ಬಸ್ಸಿನಲ್ಲಿರುವವರ ಪ್ರಾಣಕ್ಕೂ ಕುತ್ತು.

ನಾವು ಹೋದ ದಿನ ಒಂದು ತಿರುವಿನಲ್ಲಿ ಕಾರೊಂದು ನಿಂತಿತ್ತು. ಕಿಟಕಿಯಿಂದ ಮಕ್ಕಳು ಬಿಸ್ಕತ್ತು ಚಾಚಿದ್ದರು. ಒಂದು ಹೆಣ್ಣು ಥಾರ್ ಮರಿಯನ್ನು ಹಿಂದೆ ಬಿಟ್ಟು ರಸ್ತೆಗಿಳಿದು ಅದನ್ನು ತಿನ್ನುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಬಸ್ಸೊಂದು ಹಾರನ್ ಮಾಡುತ್ತ ತಿರುವಿಗೆ ಬಂತು. ತಾಯಿ ಗೋಡೆಗೆ ಹಾರಿತು. ಮರಿ ಮಾತ್ರ ದಿಕ್ಕುಗಾಣದೆ ಬಸ್ಸಿನ ಮುಂದೆಯೇ ಓಡಿತು. ಬಸ್ಸಿನ ಚಾಲಕ ಹೇಗೋ ನಿಲ್ಲಿಸಿದ. ಮೈಸೂರಿನಿಂದ ನಮ್ಮನ್ನು ಕರೆತಂದಿದ್ದ ಚಾಲಕ ನಿಟ್ಟುಸಿರಿಟ್ಟು ಹೇಳಿದ: “ಕೊಟ್ಟೋರು ಹೊರಟೋಗ್ತಾರೆ ಸಾರ್. ಅದು ಮುಂದಿನ ಗಾಡಿಗೂ ಕಾಯ್ತಾ ನಿಂತಿರುತ್ತೆ. ಆ ಗಾಡಿ ನಿಲ್ಲದೇ ಇದ್ರೆ?”

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಾವು ದಯೆಯೆಂದು ತಿಳಿದು ಕೊಡುವ ತಿನಿಸು, ವಾಹನಕ್ಕೆ ಹೆದರಬೇಕಾದ ಪ್ರಾಣಿಗೆ ಅದನ್ನು ನಂಬುವುದನ್ನು ಕಲಿಸುತ್ತದೆ.

ಬೇರೆ ದೇಶಗಳಿಗೂ ಈ ತೊಡಕು ತಪ್ಪಿಲ್ಲ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಹೂವರ್ ಅಣೆಕಟ್ಟಿನ ಸಮೀಪದ 93ನೆಯ ಹೆದ್ದಾರಿಯನ್ನು ಅಗಲಗೊಳಿಸುವಾಗ ಬಿಗ್‌ಹಾರ್ನ್ ಎಂಬ ಕಾಡುಕುರಿಗಳ ಚಿಂತೆ ಎದುರಾಯಿತು. ಅಲ್ಲಿನವರು ಕುರಿಗಳ ಕೊರಳಿಗೆ ಜಾಡು ತಿಳಿಸುವ ಪಟ್ಟಿಗಳನ್ನು ಕಟ್ಟಿ, ಅವು ರಸ್ತೆ ದಾಟುವ ಜಾಗಗಳನ್ನು ಗುರುತಿಸಿದರು. ಕುರಿಗಳು ಬೆಟ್ಟದ ಏಣನ್ನು ಹಿಡಿದು ಎತ್ತರದಲ್ಲೇ ನಡೆಯಬಯಸುತ್ತವೆ. ಆದುದರಿಂದ 2011ರಲ್ಲಿ ಅಂಥ ಸ್ಥಳಗಳಲ್ಲಿ ಮೂರು ಮೇಲುಸೇತುವೆಗಳು ಸಿದ್ಧವಾದವು. ರಸ್ತೆಯ ಬದಿಯ ಬೇಲಿ ಕುರಿಗಳನ್ನು ಸೇತುವೆಯತ್ತ ನಡೆಸುತ್ತದೆ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟದ ಆಡುಗಳು ಉಪ್ಪುಮಣ್ಣನ್ನು ನೆಕ್ಕಲು ನದಿಯ ದಂಡೆಗೆ ಇಳಿಯುತ್ತವೆ. ಅಲ್ಲಿ ಹೆದ್ದಾರಿಯನ್ನೇ ಸೇತುವೆಯ ಮೇಲೆ ಹಾಯಿಸಿ, ಆಡುಗಳಿಗೆ ಕೆಳಗೆ ದಾರಿ ಬಿಟ್ಟರು. ಒಂದು ಕಡೆ ಪ್ರಾಣಿ ಮೇಲೆ, ಇನ್ನೊಂದು ಕಡೆ ವಾಹನ ಮೇಲೆ. ಪ್ರಾಣಿಯ ನಡೆಯನ್ನು ಮೊದಲು ಅರಿತುದರಿಂದಲೇ ಈ ಎರಡು ಬಗೆಯ ಪರಿಹಾರಗಳು ದೊರೆತವು.

ನಮ್ಮ ಬಂಡೀಪುರದಲ್ಲಿ ಇನ್ನೊಂದು ಮಾರ್ಗವಿದೆ. ಅಲ್ಲಿ ಹಗಲನ್ನು ವಾಹನಗಳಿಗೂ ಇರುಳನ್ನು ಕಾಡಿಗೂ ಹಂಚಲಾಗಿದೆ. 2009ರಿಂದ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿಷೇಧವಿದೆ. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಇದರಿಂದ ವ್ಯಾಪಾರಿಗಳಿಗೂ ಪ್ರಯಾಣಿಕರಿಗೂ ತೊಂದರೆಯಿಲ್ಲವೆಂದಲ್ಲ. ಮಾರುಕಟ್ಟೆಗೆ ತರಕಾರಿ ಸಾಗಿಸುವವನ ಅವಸರವೂ ನಿಜವಾದುದೇ. ಆದರೂ ಮನುಷ್ಯ ಕಾಯಬಲ್ಲ, ತನ್ನ ಪಯಣದ ವೇಳೆಯನ್ನು ಬದಲಿಸಬಲ್ಲ. ಕಾಡಿನ ಮಂದೆಗೆ ಆ ಅನುಕೂಲವಿಲ್ಲ. ಕೇರಳದ ಎರವಿಕುಳಂ ಉದ್ಯಾನದಲ್ಲಿ ಥಾರ್‌ಗಳು ಮರಿ ಹಾಕುವ ಕಾಲದಲ್ಲಿ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸುವುದರ ಹಿಂದೆಯೂ ಇದೇ ವಿವೇಕವಿದೆ.

ಆದರೆ ಎಲ್ಲ ತಿರುವುಗಳಲ್ಲಿಯೂ ಸೇತುವೆ ಕಟ್ಟಲಾಗದು. ಎಲ್ಲ ರಸ್ತೆಗಳನ್ನೂ ಮುಚ್ಚಲಾಗದು. ಅಲ್ಲೆಲ್ಲ ಚಕ್ರ ಹಿಡಿದವನೇ ಕುರಿಗಾಹಿಯಾಗಬೇಕು. ಅವನಿಂದಾಗಬೇಕಾದುದು ಬಹಳವೇನೂ ಇಲ್ಲ: ತಿರುವಿನಲ್ಲಿ ವೇಗ ತಗ್ಗಿಸುವುದು, ತಿನಿಸು ಚಾಚದಿರುವುದು, ಚಿತ್ರ ತೆಗೆಯಲೆಂದು ರಸ್ತೆಯ ನಡುವೆ ನಿಲ್ಲಿಸದಿರುವುದು, ಬೆದರಿದ ಪ್ರಾಣಿಯನ್ನು ಹಾರನ್ ಮಾಡಿ ಇನ್ನಷ್ಟು ಬೆದರಿಸದಿರುವುದು. ಇನ್ನೂ ಒಂದು ಮಾತು. ಆಡಾಗಲಿ ಕುರಿಯಾಗಲಿ ಒಂಟಿಯಾಗಿ ನಡೆಯುವುದು ಕಡಿಮೆ. ಮುಂದಿನದು ದಾಟಿತೆಂದು ಕೂಡಲೇ ಹೊರಡಬಾರದು. ಹಿಂದೆ ಮರಿಯೊಂದು ಬರುತ್ತಿರಬಹುದು.