ಅಕ್ಕಲಕೋಟೆಯ ಹಾದಿಯಲ್ಲಿ ಕಬ್ಬಿನ ಹೇರು

ಸೊಲ್ಲಾಪುರದಿಂದ ವಳಸಂಗ ದಾಟಿ ಅಕ್ಕಲಕೋಟೆಗೆ ಸಾಗುವ ಹೆದ್ದಾರಿಗೆ ಎರಡು ಮುಖಗಳಿವೆ. ಹಗಲಿನಲ್ಲಿ ಅದು ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರ ಹಾದಿ. ಇಕ್ಕೆಲದ ಎರೆನೆಲದಲ್ಲಿ ಬಿಳಿಜೋಳ, ತೊಗರಿ. ಅಂಗಡಿಯ ಫಲಕದಲ್ಲಿ ಮರಾಠಿ, ಕಟ್ಟೆಯ ಮೇಲಿನ ಮಾತಿನಲ್ಲಿ ಕನ್ನಡ. ಕಬ್ಬು ನುರಿಸುವ ಹಂಗಾಮು ತೊಡಗಿತೆಂದರೆ ಇರುಳೆಲ್ಲ ಅದು ಟ್ರ್ಯಾಕ್ಟರುಗಳ ಹಾದಿ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ, ಅವುಗಳ ಮೇಲೆ ಆಳೆತ್ತರ ಮೀರಿದ ಕಬ್ಬು.

ಈ ಹೇರನ್ನು ಎಳೆಯುವುದಕ್ಕಿಂತ ತಡೆದು ನಿಲ್ಲಿಸುವುದು ಕಠಿಣ. ಟ್ರ್ಯಾಕ್ಟರಿನ ಎಡಬಲದ ಹಿಂಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿರುತ್ತವೆ. ಹೊಲದಲ್ಲಿ ಸಾಲಿನ ಕೊನೆಗೆ ತಿರುಗಲು ಅದು ಅನುಕೂಲ; ರಸ್ತೆಗೆ ಬಂದೊಡನೆ ಎರಡನ್ನೂ ಜೋಡಿಸದಿದ್ದರೆ ಒಂದೇ ಗಾಲಿ ಬಿಗಿದು ಬಂಡಿ ಪಕ್ಕಕ್ಕೆ ಎಳೆಯುತ್ತದೆ. ಟ್ರಾಲಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಹಿಂದಿನ ಭಾರವೆಲ್ಲ ಟ್ರ್ಯಾಕ್ಟರನ್ನೇ ತಳ್ಳುತ್ತದೆ. ಆದುದರಿಂದ ಬಲ್ಲ ಚಾಲಕನು ಹಳ್ಳದ ಇಳುಕಲಿಗೆ ಮುನ್ನವೇ ಕೆಳಗಿನ ಗೇರಿಗೆ ಬರುತ್ತಾನೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದಿಲ್ಲ. ವೇಗ ಇಮ್ಮಡಿಯಾದರೆ ಬ್ರೇಕ್ ಒತ್ತಿದ ಮೇಲೆ ಸಾಗುವ ದೂರ ಸುಮಾರು ನಾಲ್ಮಡಿಯಾಗುತ್ತದೆ. ಎರಡು ಗಾಲಿಯ ಟ್ರಾಲಿಯಲ್ಲಿ ತೂಕ ಹಿಂದಕ್ಕೆ ಬಿದ್ದರೆ ಅದು ತೂರಾಡುತ್ತದೆ. ಅತಿಯಾಗಿ ಮುಂದಕ್ಕೆ ಬಿದ್ದರೆ ಟ್ರ್ಯಾಕ್ಟರಿನ ಮುಂಗಾಲಿಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಕೊಂಡಿಯ ಪಿನ್ನು, ಅದು ಕಳಚಿದರೂ ಟ್ರಾಲಿಯನ್ನು ಹಿಡಿದಿಡುವ ಸರಪಳಿ, ಇವೆರಡನ್ನೂ ಹೊರಡುವ ಮುನ್ನ ಕೈಮುಟ್ಟಿ ನೋಡಬೇಕು.

೧೯೮೮ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರೂ ಒಂದು ಮೋಟಾರು ವಾಹನವೇ. ಟ್ರ್ಯಾಕ್ಟರಿನ ಕಾಗದಪತ್ರ ಸರಿಯಿದ್ದರೆ ಸಾಕೆಂಬ ನಂಬಿಕೆ ಅಪಘಾತದ ಮರುದಿನ ಕುಸಿಯುತ್ತದೆ. ವಿಮೆಯಿಲ್ಲದಿದ್ದರೆ ಪರಿಹಾರದ ಹೊರೆ ಮಾಲೀಕನ ಹೊಲಮನೆಗಳ ಮೇಲೆ ಬೀಳಬಹುದು. ೨೦೧೯ರ ತಿದ್ದುಪಡಿಯ ಬಳಿಕ ೧೯೪ನೆಯ ಕಲಮು ಅತಿಭಾರಕ್ಕೆ ೨೦,೦೦೦ ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿ ದಂಡವನ್ನು ಹೇಳುತ್ತದೆ. ಅನ್ಯರಿಗೆ ಅಪಾಯವಾಗುವಂತೆ ವಾಹನವನ್ನು ರಸ್ತೆಯಲ್ಲಿ ಬಿಟ್ಟುಹೋಗುವುದನ್ನು ೧೨೨ನೆಯ ಕಲಮು ನಿಷೇಧಿಸುತ್ತದೆ.

ಈ ಹಾದಿಯಲ್ಲಿ ಎಲ್ಲಕ್ಕಿಂತ ಭಯಂಕರವಾದುದು ಈ ಕೊನೆಯದೇ. ಗಾಲಿ ಪಂಕ್ಚರಾಗಿ ಕತ್ತಲಲ್ಲಿ ನಿಂತ ಟ್ರಾಲಿಯ ಹಿಂದೆ ಚಾಚಿದ ಕಬ್ಬಿನ ತುದಿ ಬೈಕಿನವನಿಗೆ ಕಾಣುವುದು ತೀರ ಹತ್ತಿರವಾದ ಮೇಲೆ. ಹಂಗಾಮು ಭರದಲ್ಲಿರುವಾಗಲೇ ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆ ಬರುತ್ತದೆ. ಹಳ್ಳಿಹಳ್ಳಿಯ ಜನ ರಾತ್ರಿಯೇ ಮರಳುತ್ತಾರೆ. ಹಿಂದಿನ ಟ್ರಾಲಿಗೆ ಕಬ್ಬಿನ ಮರೆಯಾಗದಂತೆ ಕಟ್ಟಿದ ಕೆಂಪು ರಿಫ್ಲೆಕ್ಟರಿಗೆ ತಗಲುವ ಖರ್ಚು ಒಂದು ಹೊತ್ತಿನ ಡೀಸೆಲಿನದಕ್ಕಿಂತ ಕಡಿಮೆ. ಈ ಸಲದ ಜಾತ್ರೆಗೆ ಮುನ್ನ ಪ್ರತಿ ಊರಿನ ಟ್ರ್ಯಾಕ್ಟರು ಮಾಲೀಕರು ಅಷ್ಟನ್ನಾದರೂ ಮಾಡಿ ಮುಗಿಸಬೇಕು.