ಗೋಲ್ಡ್ ಮೆಂಬರನೂ ಕಾಚಿಗೂಡದ ಕಾಕುವೂ

ಹೈದರಾಬಾದಿಗೆ ಹೋದರೆ ಎಲ್ಲಿ ಇಳಿದುಕೊಳ್ಳಬೇಕು ಅನ್ನುವುದು ರಾಯಚೂರು, ಕಲಬುರಗಿ, ಬೀದರ ಕಡೆಯವರಿಗೆ ಒಂದು ಕಾಲಕ್ಕೆ ಪ್ರಶ್ನೆಯೇ ಆಗಿರಲಿಲ್ಲ. 1956ರವರೆಗೆ ಅದೇ ನಮ್ಮ ರಾಜಧಾನಿ. ಮೊದಲು ನಿಜಾಮರ ಸಂಸ್ಥಾನದ್ದು, ಆಮೇಲೆ ಹೈದರಾಬಾದ್ ರಾಜ್ಯದ್ದು. ಕಾಚಿಗೂಡದಲ್ಲೋ ಬರ್ಕತ್‌ಪುರದಲ್ಲೋ ಸುಲ್ತಾನ್ ಬಜಾರಿನ ಸಂದಿಯಲ್ಲೋ ಪ್ರತಿ ಮನೆತನಕ್ಕೂ ಒಬ್ಬ ಕಾಕಾ, ಒಬ್ಬ ಸೋದರಮಾವ ಇದ್ದೇ ಇರುತ್ತಿದ್ದರು. ಜಮೀನಿನ ವ್ಯಾಜ್ಯಕ್ಕೆ ಹೋದವರು, ಉಸ್ಮಾನಿಯಾದಲ್ಲಿ ಓದಲು ಹೋದವರು, ಕಣ್ಣಿನ ಆಪರೇಷನ್ನಿಗೆ ಹೋದವರು ಎಲ್ಲರೂ ಅಲ್ಲಿಗೇ. ಕಾಗದ ಬರೆದು ತಿಳಿಸುವ ರೂಢಿಯೂ ಇರಲಿಲ್ಲ. 1916ರಲ್ಲಿ ಕಟ್ಟಿದ ಕಾಚಿಗೂಡ ಸ್ಟೇಷನ್ನಿನ ಗುಮ್ಮಟಗಳ ಕೆಳಗೆ ಇಳಿದು, ಹಾಸಿಗೆ ಸುರುಳಿ ಹೆಗಲಿಗೇರಿಸಿ, ನಡೆದು ಹೋಗಿ ಬಾಗಿಲು ಬಡಿದರೆ ಆಯಿತು.

ಈಗ ಹೈದರಾಬಾದಿಗೆ ಹೊರಟಾಗ ನಾನು ಮಾಡುವ ಮೊದಲ ಕೆಲಸ ಫೋನಿನಲ್ಲಿ ಹೋಟೆಲಿನವರ ಆ್ಯಪ್ ತೆಗೆಯುವುದು. ಯಾಕೆಂದರೆ ನಾನು ಗೋಲ್ಡ್ ಮೆಂಬರ್. ಬಂಗಾರದ ಲವಲೇಶವೂ ಅದರಲ್ಲಿಲ್ಲ. ಮೊದಲೆಲ್ಲ ಪ್ಲಾಸ್ಟಿಕ್ ಕಾರ್ಡಾದರೂ ಕಳಿಸುತ್ತಿದ್ದರು, ಈಗ ಅದೂ ಇಲ್ಲ. ಪರದೆಯ ಮೇಲೆ ಹಳದಿ ಬಣ್ಣದ ಒಂದು ಪಟ್ಟಿ, ಅದರ ಕೆಳಗೆ ಒಂದು ಸಂಖ್ಯೆ, ಅಷ್ಟೆ. ಆದರೂ ಆ ಹಳದಿ ಪಟ್ಟಿ ನನ್ನ ಮೇಲೆ ನಡೆಸುವ ದರ್ಬಾರು ನನ್ನ ಮ್ಯಾನೇಜರನಿಗೂ ಸಾಧ್ಯವಾಗಿಲ್ಲ.

ಮೆಂಬರುಗಿರಿ ಇಲ್ಲದ ಮನುಷ್ಯ ಹೋಟೆಲು ಆರಿಸುವ ಕ್ರಮ ಸರಳ: ಕೆಲಸ ಎಲ್ಲಿ, ಬಾಡಿಗೆ ಎಷ್ಟು, ಬಾತ್‌ರೂಮು ಶುದ್ಧವೇ. ಮೆಂಬರನ ಕ್ರಮ ತಿರುಗುಮುರುಗು. ಮೊದಲು ಸರಪಳಿ, ಆಮೇಲೆ ಊರು. ಹೈದರಾಬಾದು ನನ್ನ ಕಣ್ಣಿಗೆ ಈಗ ಕುತುಬ್‌ಶಾಹಿಗಳು ಕಟ್ಟಿದ ಊರಲ್ಲ, ನಾನು ಮೆಂಬರಾಗಿರುವ, ಮ್ಯಾರಿಯಟ್ಟಿನವರ ಬಾನ್‌ವಾಯ್ ಹೆಸರಿನ ಕೆಂಪು ಚುಕ್ಕೆಗಳಿರುವ ನಕಾಶೆ. ಟ್ಯಾಂಕ್ ಬಂಡಿನ ಪಕ್ಕದಲ್ಲಿ ಮ್ಯಾರಿಯಟ್ ಮತ್ತು ಕೋರ್ಟ್‌ಯಾರ್ಡ್. ಮೈಂಡ್‌ಸ್ಪೇಸಿನಲ್ಲಿ ವೆಸ್ಟಿನ್. ಗಚ್ಚಿಬೌಲಿಯಲ್ಲಿ ಶೆರಟನ್. ಬೇಗಂಪೇಟೆಯ ಐಟಿಸಿ ಕಾಕತೀಯ, ದುರ್ಗಂ ಚೆರುವಿನ ಮಗ್ಗುಲಿನ ಐಟಿಸಿ ಕೋಹೆನೂರ್ ಎರಡೂ ನಮ್ಮ ಮನೆಯ ಹಿಸ್ಸೆದಾರರಲ್ಲ, ಆದರೆ ಒಪ್ಪಂದದ ಮೂಲಕ ಬೀಗರು. ಅಲ್ಲಿ ಮಲಗಿದರೂ ಪಾಯಿಂಟು ಬೀಳುತ್ತದೆ. ಬಂಜಾರಾ ಹಿಲ್ಸಿನ ಪಾರ್ಕ್ ಹಯಾತ್ ಎಷ್ಟೇ ಚೆನ್ನಾಗಿದ್ದರೂ ಪರರ ಮನೆ. ತಾಜ್‌ನವರದು ಟಾಟಾದವರ ಬೇರೆಯೇ ಲೆಕ್ಕ, ನೊವೊಟೆಲ್ ಅಕಾರ್‌ನವರದು. ಸಗೋತ್ರ, ಭಿನ್ನಗೋತ್ರ ನೋಡಿಯೇ ಸಂಬಂಧ ಕುದುರಿಸಬೇಕು.

ತಾಜ್ ಅಂದದ್ದಕ್ಕೆ ನೆನಪಾಯಿತು. ಹಳೆಯ ಹೈದರಾಬಾದಿನ ಆಟೊದವನಿಗೆ ಬರೀ ‘ತಾಜ್’ ಅಂದು ನೋಡಿ. ‘ಅಬಿಡ್ಸ್?’ ಎಂದು ಕೇಳುತ್ತಾನೆ. ಅಬಿಡ್ಸಿನ ತಾಜ್ ಮಹಲ್ ಹೋಟೆಲಿಗೂ ಮುಂಬೈಯ ತಾಜ್ ಕಂಪನಿಗೂ ಯಾವ ನಂಟೂ ಇಲ್ಲ. ಅದು ಇಡ್ಲಿ, ದೋಸೆ, ಊಟದ ತಾಜ್. ಮೇಲೆ ರೂಮುಗಳೂ ಉಂಟು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೈದರಾಬಾದಿನ ವರ್ಣನೆ ಚಾರ್ಮಿನಾರಿನಿಂದ ಅಲ್ಲ, ಆ ಹೋಟೆಲಿನ ಸಾರಿನಿಂದ ಶುರುವಾಗುತ್ತಿತ್ತು. ಅಲ್ಲಿ ಎಷ್ಟು ಉಂಡರೂ ಪಾಯಿಂಟಿಲ್ಲ.

ಪಾಯಿಂಟಿನ ಈ ಹುಚ್ಚು ಹೋಟೆಲಿನವರದಲ್ಲ, ವಿಮಾನದವರದು. ಅಮೆರಿಕದ ಸರಕಾರ 1978ರಲ್ಲಿ ವಿಮಾನದ ದರಗಳ ಮೇಲಿನ ಹಿಡಿತ ಬಿಟ್ಟುಕೊಟ್ಟಿತು. ಕಂಪನಿಗಳು ಪೈಪೋಟಿಗೆ ಬಿದ್ದವು. ಗಿರಾಕಿ ಕೈತಪ್ಪದಂತೆ 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೈಲಿಗಳ ಖಾತೆ ತೆರೆಯಿತು: ಹಾರಿದಷ್ಟೂ ಜಮೆ, ಜಮೆ ಸಾಕಷ್ಟಾದರೆ ಒಂದು ಪ್ರಯಾಣ ಪುಕ್ಕಟೆ. 1983ರಲ್ಲಿ ಹಾಲಿಡೇ ಇನ್ನಿನವರೂ ಮ್ಯಾರಿಯಟ್ಟಿನವರೂ ಅದನ್ನೇ ಹಾಸಿಗೆಗೆ ಅನ್ವಯಿಸಿದರು. ಮ್ಯಾರಿಯಟ್ 2016ರಲ್ಲಿ ಸ್ಟಾರ್‌ವುಡ್ಡನ್ನು ಕೊಂಡಿತು, 2018ರಲ್ಲಿ ಎಲ್ಲ ಖಾತೆಗಳನ್ನೂ ಕೂಡಿಸಿ 2019ರಲ್ಲಿ ಬಾನ್‌ವಾಯ್ ಎಂದು ಹೆಸರಿಟ್ಟಿತು. ಅಲ್ಲಿನ ಜಾತಿಕಟ್ಟು ಸ್ಪಷ್ಟ. ವರ್ಷಕ್ಕೆ 10 ರಾತ್ರಿ ಮಲಗಿದರೆ ಬೆಳ್ಳಿ, 25ಕ್ಕೆ ಚಿನ್ನ, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟಾನಿಯಂ. ಬೆಳ್ಳಿಯವನಿಗೆ ಹೆಚ್ಚೇನೂ ಇಲ್ಲ. ಚಿನ್ನದವನು ಮಧ್ಯಾಹ್ನ 2 ಗಂಟೆಯವರೆಗೆ ರೂಮು ಬಿಡದೆ ಕೂರಬಹುದು, ಅದೂ ರೂಮು ಖಾಲಿ ಇದ್ದರೆ. ಪ್ಲಾಟಿನಂನವನು 4 ಗಂಟೆಯವರೆಗೆ, ಮೇಲೆ ಲೌಂಜಿನ ಕಾಫಿ.

ಇದರಲ್ಲಿ ನನಗೆ ಬಹಳ ಹಿಡಿಸುವ ಅಂಶವೆಂದರೆ ಖರ್ಚು ಕಂಪನಿಯದು, ಪುಣ್ಯ ನಮ್ಮದು. ಬಿಲ್ಲು ಆಫೀಸಿಗೆ ಹೋಗುತ್ತದೆ, ಪಾಯಿಂಟು ನಮ್ಮ ಖಾತೆಗೆ ಬರುತ್ತದೆ. ಯಜಮಾನನ ದುಡ್ಡಿನಲ್ಲಿ ದಾನ ಮಾಡಿ ಸ್ವರ್ಗದಲ್ಲಿ ತನ್ನ ಹೆಸರಿಗೆ ಸೀಟು ಹಿಡಿಯುವ ಕಾರಕೂನನ ಹಾಗೆ. ಸ್ವರ್ಗದ ನಿಯಮವೂ ಇಲ್ಲಿ ಹಾಗೆಯೇ ಇದೆ: ಎರಡು ವರ್ಷ ಖಾತೆ ಅಲುಗಾಡದಿದ್ದರೆ ಗಳಿಸಿದ್ದೆಲ್ಲ ಸೊನ್ನೆ. ವರ್ಷದ ಕೊನೆಗೆ ರಾತ್ರಿಗಳ ಲೆಕ್ಕ ಕಡಿಮೆ ಬಿದ್ದರೆ ಚಿನ್ನದಿಂದ ಬೆಳ್ಳಿಗೆ ಪತನ. ಈ ಭಯಕ್ಕೆ ನನ್ನ ಸಹೋದ್ಯೋಗಿಯೊಬ್ಬ ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ತನ್ನ ಮನೆಯ ಹತ್ತಿರದ ಹೋಟೆಲಿನಲ್ಲೇ ಸ್ವಂತ ದುಡ್ಡು ಕೊಟ್ಟು ಮಲಗಿ ಬಂದ. ಹೆಂಡತಿಗೆ ಏನು ಹೇಳಿದ್ದನೋ ಕೇಳಲಿಲ್ಲ.

ಸತ್ಕಾರದ ವಿಷಯದಲ್ಲಿ ಹೈದರಾಬಾದಿಗೆ ಅಮೆರಿಕದವರು ಪಾಠ ಹೇಳುವುದೇ ಒಂದು ತಮಾಷೆ. ನನ್ನ ಆಫೀಸು ಇರುವ ಗಾಜಿನ ಕಟ್ಟಡಗಳ ದಾರಿಯಲ್ಲೇ ಶೇಖ್‌ಪೇಟೆಯ ಸರಾಯಿ ಇದೆ. ಕುತುಬ್‌ಶಾಹಿ ಕಾಲದ್ದು, ಎರಡು ಅಂತಸ್ತು, 30 ಕೋಣೆ, ಪಕ್ಕದಲ್ಲಿ ಮಸೀದಿ, ಕುದುರೆ ಕಟ್ಟುವ ಲಾಯ. ಗೋಲ್ಕೊಂಡಕ್ಕೆ ಬರುವ ವ್ಯಾಪಾರಿಗಳ ತಂಡ ಸಂಜೆ ಅಲ್ಲಿ ಇಳಿಯುತ್ತಿತ್ತು. ಪಾಳು ಬಿದ್ದಿದ್ದದ್ದನ್ನು ಇತ್ತೀಚೆಗೆ ದುರಸ್ತಿ ಮಾಡಿದ್ದಾರೆ. ಊರ ಆ ತುದಿಯಲ್ಲಿ, ನಾಂಪಲ್ಲಿ ಸ್ಟೇಷನ್ನಿನ ಎದುರು, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ 1919ರಲ್ಲಿ ಇನ್ನೊಂದು ಸರಾಯಿ ಎದ್ದಿತು. ಒಂಟೆ, ಕುದುರೆಯವರಿಗಲ್ಲ, ರೈಲಿನಿಂದ ಇಳಿದವರಿಗೆ. ನಮ್ಮ ಅಜ್ಜ ವ್ಯಾಜ್ಯಕ್ಕೆಂದು ಹೋದಾಗ, ಕಾಚಿಗೂಡದ ಮನೆಯಲ್ಲಿ ಮದುವೆ ಜನ ತುಂಬಿ ಜಾಗವಿಲ್ಲದೆ, ಅಲ್ಲಿ ಮಲಗಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಯಾರೆಂದು ಕೇಳಿದವರಿಲ್ಲ, ಎಷ್ಟನೆಯ ಸಲ ಬಂದಿರಿ ಎಂದೂ ಕೇಳಿದವರಿಲ್ಲ. ಮೊದಲ ಸಲ ಬಂದವನಿಗೂ ನೂರನೆಯ ಸಲ ಬಂದವನಿಗೂ ಅದೇ ನೆಲ, ಅದೇ ಹೂಜಿ.

ಇನ್ನೊಂದು ತುದಿಯ ಸತ್ಕಾರವೂ ಈ ಊರಿನದೇ. ಪಾಯಿಗಾ ಮನೆತನದ ನವಾಬ ವಿಕಾರ್-ಉಲ್-ಉಮ್ರಾ 1884ರಲ್ಲಿ ಹಳೆಯ ಊರಿನ ದಕ್ಷಿಣದ ಗುಡ್ಡದ ಮೇಲೆ ಫಲಕ್‌ನುಮಾ ಅರಮನೆಗೆ ಕೈಹಾಕಿದರು. ಮುಗಿಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು, ಸಾಲ ಮೈಮೇಲೆ ಬಂತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಅತಿಥಿಯಾಗಿ ಬಂದರು, ಅರಮನೆ ಹಿಡಿಸಿತು, ಉಳಿದರು. ಇನ್ನೂ ಉಳಿದರು. ಹೊರಡುವ ಸೂಚನೆಯೇ ಕಾಣದಿದ್ದಾಗ ಯಜಮಾನರು ‘ಇದು ತಮ್ಮದೇ’ ಎಂದು ಒಪ್ಪಿಸಿಬಿಟ್ಟರೆಂದು ಊರಿನವರು ಹೇಳುವ ಕಥೆ. ನಿಜಾಮರು ಪ್ರತಿಯಾಗಿ ಹಣ ಕೊಟ್ಟರೆಂದೂ ಅದರ ಬಾಲ ಉಂಟು. ಏನಿದ್ದರೂ 1890ರ ದಶಕದ ಕೊನೆಯ ಹೊತ್ತಿಗೆ ಅರಮನೆ ನಿಜಾಮರದಾಗಿತ್ತು, 1911ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. ಲೇಟ್ ಚೆಕ್‌ಔಟ್ ಅಂದರೆ ಅದು. ಇವತ್ತಿನ ಯಾವ ಟೈಟಾನಿಯಂ ಮೆಂಬರನಿಗೂ ಇಷ್ಟು ದಕ್ಕಿಲ್ಲ. 2010ರಿಂದ ಅದು ತಾಜ್‌ನವರ ಹೋಟೆಲು. ಗೇಟಿನಿಂದ ಕುದುರೆ ಗಾಡಿಯಲ್ಲಿ ಕರೆದೊಯ್ಯುತ್ತಾರೆ, ಊಟದ ಮೇಜಿಗೆ 101 ಜನ ಕೂರಬಹುದು. ಉಳಿದುಕೊಳ್ಳಲು ಹೋದವನಲ್ಲ, ನೋಡಲು ಹೋದವನು ನಾನು. ಆ ಮೇಜಿನ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯಲ್ಲಿ ಕೂತವರಿಗೆ ಉಪ್ಪು ಬೇಕೆಂದು ಹೇಗೆ ತಿಳಿಸುತ್ತಿದ್ದರೋ ಎಂಬ ಯೋಚನೆ ಬಂತು.

ನನ್ನ ದರ್ಜೆಯ ಮೆಂಬರನ ಸತ್ಕಾರ ಬೇರೆ ರೀತಿ. ಹೆಸರು ಬೇಡ, ಹೈಟೆಕ್ ಸಿಟಿಯ ಕಡೆಯ ಒಂದು ಹೋಟೆಲು. ಮೊದಲ ಸಲ ಕಾಲಿಟ್ಟಿದ್ದೆ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತಿ ‘ವೆಲ್‌ಕಮ್ ಬ್ಯಾಕ್, ಸರ್’ ಎಂದಳು. ರೂಮಿನಲ್ಲಿ ಒಂದು ತಟ್ಟೆ: ಎರಡು ಬಾಳೆಹಣ್ಣು, ಒಂದು ಸೇಬು, ಮೂರು ಚಾಕಲೇಟು. ಹಣ್ಣಿಗೆ ಆನಿಸಿದ ಕಾರ್ಡಿನಲ್ಲಿ ನೀಲಿ ಶಾಯಿಯ ಕೈಬರಹ, ನನ್ನ ಹೆಸರು, ಕೆಳಗೆ ಜನರಲ್ ಮ್ಯಾನೇಜರರ ಸಹಿ. ಸಂತೋಷವಾಯಿತು. ಬೆರಳಿಗೆ ಒಂದಿಷ್ಟು ನೀರು ಹಚ್ಚಿ ಸಹಿಯ ಮೇಲೆ ಉಜ್ಜಿದೆ. ಶಾಯಿ ಕದಡಲಿಲ್ಲ. ಅಚ್ಚು. ಕೈಬರಹದಂತೆ ಕಾಣುವ ಅಕ್ಷರದಲ್ಲಿ ಪ್ರಿಂಟು ಹೊಡೆದಿದ್ದರು. ನನ್ನ ಹೆಸರಿನಲ್ಲಿದ್ದ ಕಾಗುಣಿತದ ತಪ್ಪು ಮಾತ್ರ ಯಾರೋ ಮನುಷ್ಯರೇ ಮಾಡಿದ್ದು.

ಅಪ್ಪನ ಮೆಂಬರುಗಿರಿ ಹೀಗಿರಲಿಲ್ಲ. ವ್ಯಾಪಾರಕ್ಕೆ ಬಂದಾಗ ಬೀಗರ ಮನೆಗೆ ತೊಂದರೆ ಕೊಡುವುದು ಬೇಡವೆಂದು ಅವರು ಕಾಚಿಗೂಡ ಸ್ಟೇಷನ್ನಿನ ಹತ್ತಿರದ ಒಂದು ಲಾಡ್ಜಿನಲ್ಲಿ ಇಳಿಯುತ್ತಿದ್ದರು. ಚಿಕ್ಕವನಾಗಿದ್ದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದುಂಟು. ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು. ಹೆಸರು, ಊರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಕಾರಣ. ಅಪ್ಪ ಜೇಬಿನಿಂದ ಪೆನ್ನು ತೆಗೆಯುವುದರೊಳಗೆ ಮ್ಯಾನೇಜರರು, ಅವರು ಕುಂದಾಪುರದ ಕಡೆಯವರು, ತಾವೇ ಎಲ್ಲ ಬರೆದು ‘ಸಹಿ ಒಂದು ಹಾಕಿ ಮಾರಾಯ್ರೆ’ ಎಂದು ತಿರುಗಿಸಿ ಇಡುತ್ತಿದ್ದರು. ಕೇಳದೆಯೇ ಹಿಂಬದಿಯ ರೂಮಿನ ಕೀಲಿ ಕೊಡುತ್ತಿದ್ದರು. ಅಪ್ಪನಿಗೆ ರೈಲಿನ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ ಎನ್ನುವುದು ಅವರ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಆದರೆ ಇಷ್ಟನ್ನೂ ಹೇಳಬೇಕು: ಹಾಸಿಗೆಯಲ್ಲಿ ತಿಗಣೆ ಇತ್ತು, ಬಿಸಿನೀರು ಬಕೆಟ್ಟಿಗೆ ಇಂತಿಷ್ಟು, ಮ್ಯಾನೇಜರರು ರಜೆಯ ಮೇಲೆ ಊರಿಗೆ ಹೋಗಿದ್ದರೆ ಅಪ್ಪನೂ ಎಲ್ಲರಂತೆ ರಸ್ತೆ ಬದಿಯ ರೂಮಿನಲ್ಲಿ ರೈಲಿನ ಸದ್ದು ಕೇಳುತ್ತ ಮಲಗಬೇಕಾಗಿತ್ತು. ಕಂಪ್ಯೂಟರು ರಜೆ ಹಾಕುವುದಿಲ್ಲ. ಆ ಮಟ್ಟಿಗೆ ಅದರ ಸುಳ್ಳು ಸ್ನೇಹಕ್ಕೆ ಬೆಲೆ ಕೊಡಲೇಬೇಕು.

ಹಿಂದಿನ ಸಲ ಹೋದಾಗ ಕಾಚಿಗೂಡದ ಕಾಕುಗೆ, ಅಂದರೆ ಕಾಕಾನ ಹೆಂಡತಿಗೆ, ಫೋನು ಮಾಡಿದೆ. ವಯಸ್ಸು ಎಂಬತ್ತು ದಾಟಿದೆ, ದನಿ ಇಳಿದಿಲ್ಲ.

‘ಎಲ್ಲಿ ಇಳ್ದೀ?’

‘ಗಚ್ಚಿಬೌಲಿ ಕಡೆ, ಹೋಟ್ಲಿನ್ಯಾಗ, ಕಾಕು.’

‘ಮನಿ ಇರ್ಲಾರ್ದವ್ರು ಹೋಟ್ಲಿಗೆ ಹೋಗ್ತಾರ. ನಿನಗೇನಾಗ್ಯದ?’

ಕಂಪನಿಯವರು ಕೊಡುತ್ತಾರೆ, ನಾನು ಅಲ್ಲಿ ಗೋಲ್ಡ್ ಮೆಂಬರ್, ಅದರಿಂದ ಅನುಕೂಲಗಳಿವೆ ಎಂದೆ. ಏನು ಅನುಕೂಲ ಎಂದರು. ಎಲ್ಲರೂ 12 ಗಂಟೆಗೆ ರೂಮು ಬಿಡಬೇಕು, ನಾನು 2ರವರೆಗೆ ಇರಬಹುದು ಎಂದು ವಿವರಿಸಿದೆ.

‘ಎರಡು ಗಂಟೀಕ ಹೊರಗ ಹಾಕ್ತಾರ? ಅದಕ್ಕ ಬಂಗಾರದ ಕಾರ್ಡ್ ಬ್ಯಾರೆ?’

ಮಾತು ಬೆಳೆಸುವುದು ಕ್ಷೇಮವಲ್ಲವೆಂದು ಸಂಜೆ ಬರುತ್ತೇನೆಂದೆ. ಗಚ್ಚಿಬೌಲಿಯಿಂದ ಕಾಚಿಗೂಡ 20 ಕಿ.ಮೀ.ಗೂ ಹೆಚ್ಚು. ರಾಯದುರ್ಗಂನಲ್ಲಿ ಮೆಟ್ರೊ ಹಿಡಿದು, ಅಮೀರ್‌ಪೇಟೆಯಲ್ಲಿ ಬದಲಿಸಿ, ಕೋಠಿಯ ಹತ್ತಿರ ಇಳಿದು ಆಟೊ ಮಾಡಿಕೊಂಡೆ. ಆಫೀಸಿನ ಕೆಲಸವೂ ಆ ಸಲ ಅಬಿಡ್ಸಿನ ಬ್ಯಾಂಕೊಂದರಲ್ಲಿತ್ತು. ದಿನವೂ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಟ. ಟ್ಯಾಂಕ್ ಬಂಡಿನಲ್ಲಿ ಇಳಿದಿದ್ದರೆ ಅರ್ಧ ದಾರಿ ಉಳಿಯುತ್ತಿತ್ತು. ಆದರೆ ಅಲ್ಲಿಗಿಂತ ಗಚ್ಚಿಬೌಲಿಯಲ್ಲಿ ಆ ವಾರ ಹೆಚ್ಚುವರಿ ಪಾಯಿಂಟು ಸಾರಿದ್ದರು.

ಕಾಕುವಿನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ತಟ್ಟೆ ಮುಂದಿಟ್ಟು ಎದುರಿಗೆ ಕೂತರು. ಮೊಮ್ಮಗಳು ಫೋನಿನಲ್ಲಿ ನನ್ನ ಹೋಟೆಲಿನ ಫೋಟೊ ತೆಗೆದು ಅಜ್ಜಿಗೆ ತೋರಿಸಿದಳು. ಕಾಕು ಬಹಳ ಹೊತ್ತು ನೋಡಿದರು, ಈಜುಕೊಳ ನೋಡಿದರು, ಹಾಸಿಗೆಯ ಮೇಲಿನ ಆರು ತಲೆದಿಂಬುಗಳನ್ನು ಎಣಿಸಿದರು. ‘ಛಲೋ ಅದ’ ಎಂದು ಒಪ್ಪಿಕೊಂಡರು. ಆಮೇಲೆ, ‘ಒಬ್ಬಾಂವಗ ಆರು ದಿಂಬ್ಯಾಕ?’ ಎಂದರು. ಅದಕ್ಕೆ ನನ್ನ ಬಳಿಯೂ ಉತ್ತರವಿರಲಿಲ್ಲ. ರಾತ್ರಿ ನಾನು ಮೊದಲು ಮಾಡುವ ಕೆಲಸ ಅವುಗಳಲ್ಲಿ ಐದನ್ನು ಸೋಫಾಕ್ಕೆ ಎಸೆಯುವುದು.

ಹೈದರಾಬಾದಿಗೆ ಹೋಗುವ ನನ್ನಂಥ ಮೆಂಬರುಗಳಿಗೆ ಒಂದೆರಡು ಮಾತು. ಈ ಊರು ಮೂಸಿ ನದಿಯ ದಂಡೆಯಿಂದ ಪಶ್ಚಿಮಕ್ಕೆ ಎಳೆದುಕೊಂಡು ಹೋಗಿದೆ. ಸಾಫ್ಟ್‌ವೇರು ಒಂದು ತುದಿ, ಸೆಕ್ರೆಟರಿಯೇಟು, ಹೈಕೋರ್ಟು, ಹಳೆಯ ಬ್ಯಾಂಕುಗಳು ಇನ್ನೊಂದು ತುದಿ. ಮೊದಲು ಕೆಲಸ ಎಲ್ಲಿ ನೋಡಿ, ಆಮೇಲೆ ಕಾರ್ಡು ತೆಗೆಯಿರಿ; ಬಹುತೇಕ ಎಲ್ಲ ಸರಪಳಿಗಳಿಗೂ ಎರಡೂ ಕಡೆ ಒಂದೊಂದು ಕೊಂಡಿ ಇದೆ. ಬೇರೆ ವೆಬ್‌ಸೈಟುಗಳಲ್ಲಿ ಬುಕ್ ಮಾಡಿದರೆ ಪಾಯಿಂಟೂ ಬರುವುದಿಲ್ಲ, ರಾತ್ರಿಯೂ ಲೆಕ್ಕಕ್ಕೆ ಸೇರುವುದಿಲ್ಲ, ಹೋಟೆಲಿನವರ ಆ್ಯಪಿನಲ್ಲೇ ಮಾಡಿ. ಕೂಡಿದ ಪಾಯಿಂಟುಗಳನ್ನು ಮಗಳ ಮದುವೆಗೆಂದು ಇಟ್ಟುಕೊಳ್ಳಬೇಡಿ. ಯಾವ ರೂಮಿಗೆ ಎಷ್ಟು ಪಾಯಿಂಟು ಎಂಬ ನಿಗದಿ ಪಟ್ಟಿಯನ್ನು ಮ್ಯಾರಿಯಟ್ 2022ರಲ್ಲಿ ತೆಗೆದುಹಾಕಿತು. ಈಗ ದರ ದಿನಕ್ಕೊಂದು. ಸಿಕ್ಕಾಗ ಖರ್ಚು ಮಾಡಿ. ಅವಕ್ಕೆ ಬಡ್ಡಿ ಬರುವುದಿಲ್ಲ.