ಹಮ್ಮಿಣಿಯ ತೂಕ

ನಂದಿದುರ್ಗವೆಂದರೆ ಹೊರಗಿನವರಿಗೆ ಬೆಟ್ಟ. ಕೋಲಾರದ ಚಿನ್ನದ ಗಣಿಯವರಿಗೆ 2001ರಲ್ಲಿ ಮುಚ್ಚಿಹೋದ ಗಣಿ. ನೆಲದೊಳಗೇನಿದೆಯೆಂದು ಕಾಣದೆ ಹಣ ಹೂಡುವುದು ಈ ಸೀಮೆಗೆ ಹೊಸದಲ್ಲ. 1880ರಲ್ಲಿ ಹುಟ್ಟಿದ ಮೈಸೂರು ಗಣಿ ಕಂಪನಿ ಕೆಲವೇ ವರ್ಷಗಳಲ್ಲಿ ಬಂಡವಾಳವನ್ನು ಬಹುಪಾಲು ಕರಗಿಸಿತ್ತು. ಚಾಂಪಿಯನ್ ಎಂಬ ಚಿನ್ನದ ಎಳೆ ಸಿಕ್ಕಿ ಲಂಡನ್ನಿನ ಷೇರುದಾರರು ಬದುಕಿಕೊಂಡರು.

ಈಚೆಗೆ ನಿವೃತ್ತರಾದ ನೆರೆಯವರೊಬ್ಬರು ಹೊಸ ಬಗೆಯ ಹೂಡಿಕೆ ನಿಧಿಯೊಂದರ ಕಾಗದ ತಂದು, “ಓದಿ ಹೇಳಿ ಮೇಷ್ಟ್ರೇ” ಎಂದರು. ಷೇರು ಇಳಿದರೂ ಲಾಭ ತರುವ ತಂತ್ರವಂತೆ! ಪಂಪನನ್ನು ಪಾಠ ಹೇಳುವವನಿಗೂ ಅದು ಕಠಿಣವೇ. ಇಂಥವುಗಳಿಗೆ ಸೆಬಿ ಹೊಸ್ತಿಲು ಕಟ್ಟಿದೆ: 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಶೇಷ ಹೂಡಿಕೆ ನಿಧಿಗೆ ಸಾಮಾನ್ಯವಾಗಿ ಕನಿಷ್ಠ 10 ಲಕ್ಷ ರೂಪಾಯಿ, ಪರ್ಯಾಯ ಹೂಡಿಕೆ ನಿಧಿಗೆ 1 ಕೋಟಿ. ಸಣ್ಣವನು ಕೆಡದಿರಲೆಂಬ ಉದ್ದೇಶ ಒಳ್ಳೆಯದೇ. ಆದರೆ ಈ ಹೊಸ್ತಿಲು ಹಮ್ಮಿಣಿಯನ್ನು ತೂಗುತ್ತದೆ, ತಿಳಿವಳಿಕೆಯನ್ನಲ್ಲ. ಮೂವತ್ತು ವರ್ಷ ದುಡಿದವನಿಗೆ ಗ್ರಾಚ್ಯುಟಿ, ಭವಿಷ್ಯನಿಧಿ ಒಟ್ಟಿಗೆ ಬಂದಾಗ ಅವನೂ ಹೊಸ್ತಿಲು ದಾಟಬಲ್ಲ ಶ್ರೀಮಂತ. ಆದರೆ ಅದು ಅವನ ಮುಂದಿನ ಇಪ್ಪತ್ತು ವರ್ಷದ ಅನ್ನ.

ನಿಧಿ ಮಾರುವವನು ಪರೀಕ್ಷೆ ಪಾಸು ಮಾಡಿರಬೇಕು, ಕೊಳ್ಳುವವನಿಗೆ ಪರೀಕ್ಷೆಯಿಲ್ಲ. ಗಣಿಯ ರೀತಿ ಬೇರೆ. 1966ರ ನಿಯಮಗಳಂತೆ, ಹೊಸಬನಿಗೆ ತರಬೇತಿ ಕೊಡದೆ ಕೆಲಸಕ್ಕೆ ಹಚ್ಚುವಂತಿಲ್ಲ. ಜೇಬಿನಲ್ಲೆಷ್ಟಿದೆಯೆಂದು ಅಲ್ಲಿ ಯಾರೂ ಕೇಳರು.

ಹೂಡುವವನಿಗೂ ಎರಡು ಪ್ರಶ್ನೆ ಕೇಳಬಾರದೆ? ಇದು ಹೇಗೆ ಮುಳುಗೀತು? ಮುಳುಗಿದರೆ ಮನೆ ಹೇಗೆ ನಡೆದೀತು? ನೆರೆಯವರಿಗೆ ಇದನ್ನೇ ಕೇಳಿದೆ. ಮೊದಲನೆಯದಕ್ಕೆ ಸುಮ್ಮನಾದರು. ಎರಡನೆಯದಕ್ಕೆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು.